ಒಂದು ಕ್ಲಿಕ್ಕಿಗೆ ನಲವತ್ತೆರಡೂವರೆ ರೂಪಾಯಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಕೊಡಾಕ್ ಕೆಬಿ 10 ಕ್ಯಾಮೆರಾದಲ್ಲಿ ಒಂದು ರೀಲು ಗೌರಿ ಹಬ್ಬದಿಂದ ಯುಗಾದಿಯವರೆಗೆ ಬಾಳುತ್ತಿತ್ತು. "ಇನ್ನೂ ಆರು ಇದೆ, ಇರ್ಲಿ ಬಿಡು" ಎಂದು ಅಪ್ಪ ಅದನ್ನು ಬೀರುವಿನ ಮೇಲಿನ ಖಾನೆಯಲ್ಲಿ ಎತ್ತಿಡುತ್ತಿದ್ದರು. ಆಗ ಅದು ಜಿಪುಣತನ ಅನ್ನಿಸುತ್ತಿತ್ತು. ಮೂರು ವರ್ಷದ ಹಿಂದೆ ನನಗೇ ಫಿಲ್ಮ್ ಕ್ಯಾಮೆರಾದ ಹುಚ್ಚು ಹತ್ತಿ, ಖರ್ಚು ಬರೆದಿಡತೊಡಗಿದ ಮೇಲೆ ಅಪ್ಪನ ಲೆಕ್ಕ ತಲೆಗೆ ಹೋಯಿತು.

"ಅಲ್ಲಾ ರೀ, ಫೋನಲ್ಲಿ ಪುಕ್ಕಟೆ ಬರೋದಕ್ಕೆ ಇದ್ಯಾವ ಶೋಕಿ?" ಎಂದಳು ನನ್ನಾಕೆ. ಶೋಕಿಯೇ, ಸುಳ್ಳೇಕೆ ಹೇಳಲಿ. ಆದರೆ ಶೋಕಿಗೂ ಲೆಕ್ಕವಿರಬೇಕಲ್ಲ.

ನನ್ನ ಲೆಕ್ಕ ಇದು. 36 ಚಿತ್ರಗಳ ಕಲರ್ ರೀಲಿಗೆ 950 ರೂಪಾಯಿ. ತೊಳೆದು ಸ್ಕ್ಯಾನ್ ಮಾಡಿಸಲು 500. ಮೈಸೂರಿನಿಂದ ಬೆಂಗಳೂರಿನ ಲ್ಯಾಬಿಗೆ ಕೊರಿಯರ್ 80. ಒಟ್ಟು 1,530, ಒಂದು ಕ್ಲಿಕ್ಕಿಗೆ 42 ರೂಪಾಯಿ 50 ಪೈಸೆ. ಕೊಳ್ಳುವಾಗ ನಾವು ಚೌಕಾಸಿ ಮಾಡುವುದು ಕ್ಯಾಮೆರಾದ ಬೆಲೆಯ ಬಗ್ಗೆ. ಜೇಬು ಸೋರುವುದು ಬೇರೆ ಕಡೆ.

ಮೊದಲ ಸಲ ನಾನೂ ಬೆಲೆ ನೋಡಿಯೇ ಮೋಸ ಹೋದೆ. ಆನ್‌ಲೈನಿನಲ್ಲಿ ಒಬ್ಬರ ಹತ್ತಿರ, ಜೂಮ್ ಇರುವ ಆಟೊಫೋಕಸ್ ಕ್ಯಾಮೆರಾವೊಂದನ್ನು 6,500ಕ್ಕೆ ಕೊಂಡೆ. "ಫುಲ್ ವರ್ಕಿಂಗ್ ಕಂಡೀಷನ್" ಅಂದಿದ್ದರು. ಮೂರನೆಯ ರೀಲಿನ ಇಪ್ಪತ್ತನೆಯ ಚಿತ್ರಕ್ಕೆ, ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯ ಮೇಲೆ, ಹೊರಗೆ ಬಂದ ಲೆನ್ಸು ಒಳಗೆ ಹೋಗಲೇ ಇಲ್ಲ. ರಿಪೇರಿಯವರು ಬಿಚ್ಚಿ ನೋಡಿ, "ಬೋರ್ಡ್ ಹೋಗಿದೆ, ಪಾರ್ಟ್ ಸಿಗಲ್ಲ ಸಾರ್" ಎಂದು ಹಾಗೇ ಕೈಗಿಟ್ಟರು. ತೆಗೆದದ್ದು 92 ಚಿತ್ರ. ಕ್ಯಾಮೆರಾದ ಪಾಲೇ ಚಿತ್ರಕ್ಕೆ 70 ರೂಪಾಯಿ ದಾಟಿತು.

ಆಮೇಲೆ ಯಾವ ಕ್ಯಾಮೆರಾ ನೋಡಿದರೂ "ಕೆಟ್ಟರೆ ಏನು ಗತಿ?" ಎಂದೇ ಮೊದಲು ಕೇಳಿಕೊಂಡೆ. ಕಾಂಟ್ಯಾಕ್ಸ್ ಟಿ2 ಎಲ್ಲರೂ ಆಸೆಪಡುವ ಕ್ಯಾಮೆರಾ. ಆದರೆ ಅದನ್ನು ತಯಾರಿಸುತ್ತಿದ್ದ ಕ್ಯೋಸೆರಾ, ಕಾಂಟ್ಯಾಕ್ಸ್ ನಿಲ್ಲಿಸುವುದಾಗಿ ಹೇಳಿದ್ದು 2005ರಲ್ಲಿ. ದೊಡ್ಡ ಬೆಲೆ ಕೊಟ್ಟು ತಂದದ್ದನ್ನು ಬಸ್ಸಿನ ನೂಕುನುಗ್ಗಲಿಗೆ ಒಯ್ಯಲು ನನಗೆ ಧೈರ್ಯ ಸಾಲದು. ಒಲಿಂಪಸ್ ಎಕ್ಸ್‌ಎ ಅಂಗಿಯ ಜೇಬಿಗೆ ಹಿಡಿಯುತ್ತದೆ. ಯೋಶಿಹಿಸಾ ಮೈತಾನಿ ರೂಪಿಸಿದ ಇದು 1979ರದು. ಮುಚ್ಚಳ ಸರಿಸಿದರೆ ಕ್ಯಾಮೆರಾ ಸಿದ್ಧ. ಆದರೆ ಬ್ಯಾಟರಿ ಮತ್ತು ಸರ್ಕ್ಯೂಟ್ ಇಲ್ಲದೆ ನಡೆಯದು. 2024ರಲ್ಲಿ ಬಂದ ಪೆಂಟಾಕ್ಸ್ 17 ಹೊಚ್ಚ ಹೊಸದು. ಒಂದು ಚೌಕಟ್ಟಿನ ಜಾಗದಲ್ಲಿ ಎರಡು ಚಿತ್ರ ತೆಗೆಯುವುದರಿಂದ ರೀಲಿನ ಖರ್ಚು ಅರ್ಧಕ್ಕಿಳಿಯುತ್ತದೆ. ಅಮೆರಿಕದಲ್ಲೇ ಅದು ಬಿಡುಗಡೆಯಾದದ್ದು 500 ಡಾಲರಿಗೆ. ಆ ಉಳಿತಾಯ ನನ್ನ ಕೈಗೆ ಬರುವಷ್ಟರಲ್ಲಿ ರಿಟೈರ್ ಆಗಿರುತ್ತೇನೆ.

ಕೊನೆಗೆ ಉಳಿದದ್ದು ಒಲಿಂಪಸ್ ಟ್ರಿಪ್ 35. 1967ರಿಂದ 1984ರವರೆಗೆ ತಯಾರಾದ, ಪ್ರವಾಸಕ್ಕೆಂದೇ ಹೆಸರಿಟ್ಟ ಕ್ಯಾಮೆರಾ. ಬ್ಯಾಟರಿಯೇ ಇಲ್ಲ. ಲೆನ್ಸಿನ ಸುತ್ತ ಗುಳ್ಳೆಗಾಜಿನಂಥ ಬಳೆಯ ಹಿಂದೆ ಸೆಲೆನಿಯಂ ಸೆಲ್ ಇದೆ. ಬಿದ್ದ ಬೆಳಕಿನಿಂದಲೇ ಕರೆಂಟ್ ಹುಟ್ಟಿ ಮೀಟರಿನ ಮುಳ್ಳು ಅಲುಗುತ್ತದೆ. ದೂರ ಹೊಂದಿಸಲು ನಾಲ್ಕು ಗುರುತು: ಒಂದು ತಲೆ, ಇಬ್ಬರು, ಗುಂಪು, ಬೆಟ್ಟ. ನನ್ನ ಮಗಳು ಒಂದೇ ದಿನಕ್ಕೆ ಕಲಿತಳು. ತೂಕ ಹೆಚ್ಚುಕಡಿಮೆ 400 ಗ್ರಾಂ. ಜೇಬಿಗೆ ಭಾರ, ಹೆಗಲಚೀಲಕ್ಕೆ ಅಲ್ಲ.

ಇದನ್ನು ಕೊಳ್ಳುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಅಪರ್ಚರ್ ಬಳೆಯನ್ನು 'ಎ' ಗುರುತಿಗೆ ತಿರುಗಿಸಿ, ಸೆಲ್ಲು ಪೂರ್ತಿ ಮುಚ್ಚುವಂತೆ ಅಂಗೈ ಅಡ್ಡ ಹಿಡಿದು ಗುಂಡಿ ಒತ್ತಿ. ನೋಡುವ ಕಿಂಡಿಯಲ್ಲಿ ಕೆಂಪು ಬಾವುಟ ಏಳಬೇಕು, ಕ್ಲಿಕ್ ಆಗಬಾರದು. ಬಿಸಿಲಿಗೆ ತಿರುಗಿಸಿ ಒತ್ತಿದರೆ ಕ್ಲಿಕ್ ಆಗಬೇಕು. ಬಾವುಟ ಏಳದಿದ್ದರೆ ಅಥವಾ ಬಿಸಿಲಲ್ಲೂ ಇಳಿಯದಿದ್ದರೆ ಅಗ್ಗವಾದರೂ ಬೇಡ. ಹಿಂದಿನ ಬಾಗಿಲು ತೆಗೆದು ಅಂಚಿನ ಸ್ಪಂಜನ್ನು ಮುಟ್ಟಿ. ಬೆರಳಿಗೆ ಕಪ್ಪು ಅಂಟು ಹತ್ತಿದರೆ ಬೆಳಕು ಸೋರುತ್ತದೆ. ಆದರೆ ಅದು ಬದಲಿಸುವಂಥದ್ದೇ, ಚೌಕಾಸಿಗೆ ಒಳ್ಳೆಯ ನೆಪ.

ನನ್ನದಕ್ಕೆ 7,000 ಕೊಟ್ಟೆ, ಸ್ಪಂಜು ಬದಲಿಸಿ ಕ್ಲೀನ್ ಮಾಡಿಸಲು 1,500. ಎರಡು ವರ್ಷದಲ್ಲಿ 17 ರೀಲು, 612 ಚಿತ್ರ. ಕ್ಯಾಮೆರಾದ ಪಾಲು ಚಿತ್ರಕ್ಕೆ 14 ರೂಪಾಯಿಗೆ ಇಳಿದಿದೆ. ಅದೇ ಅವಧಿಯಲ್ಲಿ ರೀಲು, ತೊಳೆಸುವುದು, ಕೊರಿಯರ್ ಸೇರಿ ಹೋದದ್ದು 26,010: ಕ್ಯಾಮೆರಾಗೆ ಸುರಿದದ್ದರ ಮೂರು ಪಟ್ಟು. ಆದ್ದರಿಂದ ಕೇಳಿದವರಿಗೆಲ್ಲ ಹೇಳುತ್ತೇನೆ: ಕೈಯಲ್ಲಿರುವ ದುಡ್ಡನ್ನು ನಾಲ್ಕು ಪಾಲು ಮಾಡಿ. ಒಂದು ಪಾಲು ಮಾತ್ರ ಕ್ಯಾಮೆರಾಗೆ, ಉಳಿದ ಮೂರು ರೀಲಿಗೆ. ವಿಮಾನದಲ್ಲಿ ಹೋಗುವುದಾದರೆ ರೀಲನ್ನು ಚೆಕ್‌ಇನ್ ಲಗೇಜಿಗೆ ಹಾಕಬೇಡಿ. ಅಲ್ಲಿಯ ಜೋರು ಎಕ್ಸ್‌ರೇಗೆ ಫಿಲ್ಮು ಮಂಕಾಗುತ್ತದೆ. ಕೈಚೀಲದಲ್ಲಿಟ್ಟು, ಕೈಯಲ್ಲೇ ಪರೀಕ್ಷಿಸಿ ಎಂದು ಕೇಳಿಕೊಳ್ಳಿ.

ಹೋದ ತಿಂಗಳು ಒಂದು ಸಂಜೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತಿದ್ದೆ. ಒಬ್ಬ ಅಜ್ಜಿ ಕತ್ತು ಎತ್ತದೆ ಮಲ್ಲಿಗೆ ಕಟ್ಟುತ್ತಿದ್ದರು. ಕೇಳಿದೆ, "ತಕ್ಕೊಳಪ್ಪ" ಅಂದರು. 'ಇಬ್ಬರು' ಗುರುತಿಗೆ ಹೊಂದಿಸಿ ಒತ್ತಿದೆ. ಕೆಂಪು ಬಾವುಟ ಎದ್ದಿತು. ಒಂದು ಹೆಜ್ಜೆ ಸರಿದು ಮತ್ತೆ ಒತ್ತಿದೆ, ಮತ್ತೆ ಬಾವುಟ. ಬೆಳಕು ಸಾಲದು, ದುಡ್ಡು ದಂಡ ಮಾಡಬೇಡ ಎಂದು ಅಪ್ಪನೇ ಒಳಗೆ ಕೂತು ಹೇಳಿದಂತಿತ್ತು.

ನಲವತ್ತೆರಡೂವರೆ ಉಳಿಯಿತು. ಅಜ್ಜಿಯ ಮುಂದೆ ಬರಿಗೈಯಲ್ಲಿ ಹೊರಡಲು ಮನಸ್ಸಾಗದೆ ನಲವತ್ತು ಕೊಟ್ಟು ಒಂದು ಮೊಳ ಮಲ್ಲಿಗೆ ಕೊಂಡೆ. ರಾತ್ರಿ ಲೆಕ್ಕದ ಪುಸ್ತಕದಲ್ಲಿ ಅದನ್ನು ಎಲ್ಲಿ ಸೇರಿಸುವುದೆಂದು ತಿಳಿಯದೆ ಕ್ಯಾಮೆರಾ ಖರ್ಚಿನ ಕೆಳಗೇ ಬರೆದೆ.