ರೊಟ್ಟಿಯೊಳಗೂ ಸಕ್ಕರಿ ಐತಿ



ಶ್ರಾವಣ ಸೋಮವಾರ. ಸಂಜೆ ನಮ್ಮ ಓದುವ ವರ್ಗ ನಡೆದಿತ್ತು. ಒಬ್ಬ ಅಕ್ಕ ಪಾಟಿಯ ಮೇಲೆ ಬರೆಯುತ್ತಿದ್ದರು. ಅವರ ಕೈ ನಡುಗಿತು. ಬಳಪ ಕೆಳಗೆ ಬಿತ್ತು. ಹಣೆ ತುಂಬ ಬೆವರು. ಮಾತು ತೊದಲಿತು.

"ಏನಾತವ್ವಾ?" ಎಂದು ಎಲ್ಲರೂ ಎದ್ದೆವು.

ಅವರಿಗೆ ಸಕ್ಕರೆ ಕಾಯಿಲೆ ಇದೆ. ಮುಂಜಾನೆ ಗುಳಿಗೆ ನುಂಗಿದ್ದರು. ಉಪವಾಸ ಅಂತ ಊಟ ಬಿಟ್ಟಿದ್ದರು. ಒಬ್ಬಾಕೆ ರೊಟ್ಟಿ ತರಲು ಓಡಿದಳು. ಒಬ್ಬ ಅಜ್ಜಿ ಅಂದರು: "ರೊಟ್ಟಿ ಆಮ್ಯಾಲೆ. ಮೊದಲು ಸಕ್ಕರಿ ನೀರು ಕೊಡ್ರಿ."

ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಅವರು ಸುಧಾರಿಸಿದರು. ಆಮೇಲೆ ರೊಟ್ಟಿ ತಿನ್ನಿಸಿದೆವು.

ಆಗ ಎಲ್ಲರೂ ಕೇಳಿದರು: "ಈ ಕಾಯಿಲೆಗೆ ಸಕ್ಕರಿ ಆಗೂದಿಲ್ಲ ಅಂತೀರಿ. ಇವತ್ತು ಸಕ್ಕರಿನ ಹೆಂಗ ಜೀವ ಉಳಿಸ್ತು? ರೊಟ್ಟಿ ಯಾಕ ಮೊದಲು ಕೊಡಲಿಲ್ಲ?"

ಬನ್ನಿರಿ, ಇದನ್ನೇ ತಿಳಿಯೋಣ.

ಮಾಡಿ ನೋಡಿರಿ

ಒಂದು ತುತ್ತು ಜೋಳದ ರೊಟ್ಟಿ ಬಾಯಿಗೆ ಹಾಕಿರಿ. ಪಲ್ಯ ಬೇಡ. ಕೂಡಲೇ ನುಂಗಬೇಡಿರಿ. ಎರಡು ನಿಮಿಷ ಚೆನ್ನಾಗಿ ಅಗಿಯಿರಿ. ನಾಲಿಗೆಗೆ ನಸು ಸಿಹಿ ತಿಳಿಯುತ್ತದೆ. ರೊಟ್ಟಿಗೆ ನಾವು ಸಕ್ಕರೆ ಹಾಕಿಲ್ಲ. ಹಾಗಾದರೆ ಸಿಹಿ ಎಲ್ಲಿಂದ ಬಂತು?

ಮಣಿ ಮತ್ತು ಸರ

ಗ್ಲೂಕೋಸ್ ಎಂಬುದು ಒಂದು ಬಗೆಯ ಸಕ್ಕರೆ. ಅದನ್ನು ಒಂದು ಮಣಿ ಎಂದು ತಿಳಿಯಿರಿ. ನಮ್ಮ ಎರಿ ಹೊಲದ ಜೋಳದ ಬೆಳೆ ಈ ಮಣಿಯನ್ನು ಮಾಡುತ್ತದೆ. ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಬೇರು ನೀರು ಕೊಡುತ್ತದೆ. ಬಿಸಿಲು ಶಕ್ತಿ ಕೊಡುತ್ತದೆ. ಹೀಗೆ ಬಿಸಿಲಿನ ಶಕ್ತಿ ಮಣಿಯೊಳಗೆ ಕೂಡುತ್ತದೆ.

ನಾವು ಚಹಾಕ್ಕೆ ಹಾಕುವ ಸಕ್ಕರೆಯಲ್ಲಿ ಎರಡು ಮಣಿ ಜೋಡಿ ಇವೆ. ಹಾಲಿನಲ್ಲೂ ಎರಡು ಮಣಿಯ ಸಕ್ಕರೆ ಇದೆ. ಧಾರವಾಡ ಪೇಡೆಯಲ್ಲಿ ಈ ಎರಡೂ ಇವೆ.

ಜೋಳ, ಅಕ್ಕಿ, ಗೋಧಿಯಲ್ಲಿ ಇರುವುದು ಪಿಷ್ಟ. ಅದು ನೂರಾರು, ಸಾವಿರಾರು ಮಣಿ ಪೋಣಿಸಿದ ಸರ. ಸರವಾಗಿ ಇರುವಾಗ ಸಿಹಿ ಇಲ್ಲ. ಅಗಿದಾಗ ಜೊಲ್ಲು ಆ ಸರವನ್ನು ಕತ್ತರಿಸುತ್ತದೆ. ಆಗ ಸಿಹಿ ತಿಳಿಯುತ್ತದೆ.

ಜೋಳದ ಹಿಟ್ಟಿಗೆ ನಾವು ಕುದಿಯುವ ಎಸರು ಯಾಕೆ ಹಾಕುತ್ತೇವೆ? ಬಿಸಿ ನೀರಿನಲ್ಲಿ ಪಿಷ್ಟ ಉಬ್ಬಿ ಅಂಟಾಗುತ್ತದೆ. ಅದಕ್ಕೇ ರೊಟ್ಟಿ ಬಡಿಯುವಾಗ ಬಿರಿಯುವುದಿಲ್ಲ.

ಜೋಳದ ಕಣಿಕೆಯಲ್ಲಿ ಇರುವುದೂ ಬಹಳ ಮಟ್ಟಿಗೆ ಇದೇ ಮಣಿ. ಆದರೆ ಗಂಟು ಬೇರೆ. ಆ ಗಂಟು ಬಿಚ್ಚಲು ನಮ್ಮ ಹೊಟ್ಟೆಗೆ ಬಾರದು. ಎತ್ತಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಬಿಚ್ಚುತ್ತವೆ. ನಾವು ಕಾಳು ತಿನ್ನುತ್ತೇವೆ, ಎತ್ತು ಕಣಿಕೆ ತಿನ್ನುತ್ತದೆ. ಕಾಳಿನ ಸಿಪ್ಪೆ, ಸೊಪ್ಪುಗಳಲ್ಲೂ ಇಂಥ ನಾರು ಇದೆ.

ಸಕ್ಕರೆ, ಪಿಷ್ಟ, ನಾರು ಈ ಮೂರಕ್ಕೂ ಶರ್ಕರಪಿಷ್ಟ ಎಂದು ಹೆಸರು. 100 ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೇ ಇದೆ.

ಮೈಯೊಳಗೆ ಏನಾಗುತ್ತದೆ?

ಸಣ್ಣ ಕರುಳಿನಲ್ಲಿ ಸರ ಪೂರ್ತಿ ಬಿಚ್ಚುತ್ತದೆ. ಮಣಿಗಳು ರಕ್ತಕ್ಕೆ ಸೇರುತ್ತವೆ. ರಕ್ತದಿಂದ ಮೈಯ ಕಣಗಳಿಗೆ ಹೋಗಬೇಕು. ಇನ್ಸುಲಿನ್ ಎಂಬುದು ಕೀಲಿಕೈ ಇದ್ದಂತೆ, ಅದು ಬಾಗಿಲು ತೆರೆಯುತ್ತದೆ. ಕೀಲಿಕೈ ಕಡಿಮೆ ಬಿದ್ದರೆ, ಇಲ್ಲವೇ ಕೆಲಸ ಮಾಡದಿದ್ದರೆ, ಮಣಿಗಳು ರಕ್ತದಲ್ಲೇ ಉಳಿಯುತ್ತವೆ. ಅದೇ ಸಕ್ಕರೆ ಕಾಯಿಲೆ. ಕೆನಡಾ ದೇಶದ ಟೊರಾಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಕಂಡುಹಿಡಿದರು. 1922ರಲ್ಲಿ 14 ವರ್ಷದ ಹುಡುಗನಿಗೆ ಮೊದಲು ಚುಚ್ಚಿದರು. ಅವನು ಬದುಕಿದ.

ಇಡೀ ಮೈಯ ರಕ್ತದಲ್ಲಿ ಇರಬೇಕಾದ ಗ್ಲೂಕೋಸ್ ಒಂದು ಚಹಾ ಚಮಚದಷ್ಟು ಮಾತ್ರ. ಅದು ಬಹಳ ಏರಬಾರದು, ಬಹಳ ಇಳಿಯಲೂಬಾರದು. ಮಿದುಳಿಗೆ ಕ್ಷಣಕ್ಷಣವೂ ಅದು ಬೇಕು.

ನಮ್ಮ ಅಕ್ಕ ಗುಳಿಗೆ ತಗೊಂಡಿದ್ದರು. ಗುಳಿಗೆ ರಕ್ತದ ಸಕ್ಕರೆ ಇಳಿಸಿತು. ಊಟ ಇರಲಿಲ್ಲ, ಹೊಸ ಮಣಿ ಬರಲಿಲ್ಲ. ಮಿದುಳು ಸೊರಗಿತು. ಎರಡು ಮಣಿಯ ಸಕ್ಕರೆ ಬೇಗ ಬಿಚ್ಚಿ ರಕ್ತಕ್ಕೆ ಸೇರಿತು. ರೊಟ್ಟಿಯ ಸರ ಬಿಚ್ಚಲು ಹೊತ್ತು ಬೇಕು. ಅಜ್ಜಿ ಹೇಳಿದ್ದು ಇದಕ್ಕೇ ಸರಿ.

ನೆನಪಿಡಿರಿ

ಇಂಥವರಿಗೆ ಎಚ್ಚರ ಇದ್ದರೆ ಮಾತ್ರ ಸಕ್ಕರೆ ನೀರು ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿರಿ. 108ಕ್ಕೆ ಫೋನ್ ಮಾಡಿರಿ.

ಗುಳಿಗೆ ತಗೊಳ್ಳುವವರು ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಿರಿ. ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವ ರೂಢಿಯೂ ನಿಮಗೆ ಅಪಾಯ. ನಿಮ್ಮ ಹೊತ್ತಿಗೆ ನೀವು ಉಣ್ಣಿರಿ.

"ಚಹಾಕ್ಕ ಸಕ್ಕರಿ ಬಿಟ್ಟೀನ್ರಿ, ಆದ್ರೂ ಶುಗರ್ ಇಳಿವಲ್ದು" ಎಂದು ಇನ್ನೊಬ್ಬ ಅಕ್ಕ ಅಂದರು. ಅವರ ತಾಟಿನಲ್ಲಿ ಅನ್ನದ ಗುಡ್ಡ! ಅನ್ನವೂ ಕೊನೆಗೆ ಅದೇ ಮಣಿ. ಅನ್ನ, ರೊಟ್ಟಿ ಎರಡೂ ಅಳತೆಯಲ್ಲಿ ಇರಲಿ. ಕಾಳುಪಲ್ಯ, ಸೊಪ್ಪು ಹೆಚ್ಚಿರಲಿ. ನಾರು ಇದ್ದರೆ ಮಣಿಗಳು ನಿಧಾನವಾಗಿ ರಕ್ತಕ್ಕೆ ಬರುತ್ತವೆ.

30 ವರ್ಷ ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಿರಿ. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಹೆಚ್ಚು ಬಂದರೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಕಾಯಿಲೆ ಎಂದು ಹೇಳುತ್ತಾರೆ. ಚೀಟಿಯ ಮೇಲಿನ ಅಂಕಿ ಈಗ ನಿಮಗೆ ಓದಲು ಬರುತ್ತದೆ. ನೀವೇ ಓದಿರಿ.

ಉತ್ತರ ಬರೆಯಿರಿ

1. ರೊಟ್ಟಿ ಅಗಿದಾಗ ಯಾಕೆ ಸಿಹಿ ಆಗುತ್ತದೆ?
2. ಆ ಅಕ್ಕನಿಗೆ ಮೊದಲು ಸಕ್ಕರೆ ನೀರು ಯಾಕೆ ಕೊಟ್ಟೆವು?
3. ನಿನ್ನೆ ನೀವು ಎಷ್ಟು ಹೊತ್ತಿಗೆ ಉಂಡಿರಿ? ಏನು ಉಂಡಿರಿ?