ಅತಿಶೈತ್ಯದಲ್ಲಿ ಕಾಂತತ್ವ ಮತ್ತು ವಿದ್ಯುತ್ತು

ಇಸ್ತ್ರಿಪೆಟ್ಟಿಗೆಯ ತಂತಿಯಲ್ಲಿ ವಿದ್ಯುತ್ತು ಹರಿದಾಗ ಅದು ಕಾಯುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಲೋಹದೊಳಗೆ ಎಲೆಕ್ಟ್ರಾನುಗಳ ಚಲನೆಗೆ ಒದಗುವ ಅಡ್ಡಿಯೇ ಇದಕ್ಕೆ ಕಾರಣ, ಇದನ್ನು ರೋಧವೆನ್ನುವರು. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿಯು ಪಾದರಸವನ್ನು ದ್ರವ ಹೀಲಿಯಮ್ಮಿನಿಂದ ತಣಿಸಿ ನೋಡಲು, ಸುಮಾರು 4.2 ಕೆಲ್ವಿನ್ ಉಷ್ಣತೆಯಲ್ಲಿ, ಎಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಸುಮಾರು 269 ಡಿಗ್ರಿ ಕೆಳಗೆ, ಆ ರೋಧವು ಥಟ್ಟನೆ ಮಾಯವಾಯಿತು. ಈ ಗುಣಕ್ಕೆ ಅತಿವಾಹಕತೆಯೆಂದು ಹೆಸರು.

ಇದಕ್ಕೆ ಕಾಂತತ್ವವು ಹುಟ್ಟುವೈರಿ. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಸಾಗುತ್ತವೆ. ಪ್ರತಿಯೊಂದು ಎಲೆಕ್ಟ್ರಾನೂ ಒಂದು ಸೂಕ್ಷ್ಮವಾದ ಅಯಸ್ಕಾಂತ. ಜೋಡಿಯಲ್ಲಿ ಒಂದು ಮೇಲ್ಮುಖವಾದರೆ ಇನ್ನೊಂದು ಕೆಳಮುಖ. ಕಾಂತಬಲವು ಎರಡನ್ನೂ ಒಂದೇ ಕಡೆಗೆ ತಿರುಗಿಸಲೆಳಸಿದರೆ ಜೋಡಿ ಒಡೆಯುತ್ತದೆ.

ಇದರಿಂದ ನಮಗೇನೆಂದು ಪಾಲಕರು ಕೇಳಬಹುದು. ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಅಯಸ್ಕಾಂತವು ಬಹುಮಟ್ಟಿಗೆ ಅತಿವಾಹಕ ತಂತಿಯ ಸುರುಳಿಯೇ. ಆ ಸುರುಳಿಯು ತಾನು ಹುಟ್ಟಿಸಿದ ಕಾಂತಕ್ಷೇತ್ರವನ್ನು ತಾನೇ ತಾಳಬೇಕು. ಈ ವೈರದ ಸ್ವರೂಪವನ್ನರಿಯುವುದು ಕೇವಲ ಪಾಂಡಿತ್ಯದ ಮಾತಲ್ಲ.

1994ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು, ಯಿಟ್ರಿಯಮ್, ನಿಕಲ್, ಬೋರಾನ್, ಇಂಗಾಲ ಇವು ನಾಲ್ಕೂ ಕೂಡಿದ ವಸ್ತುವು ಸುಮಾರು 12 ಕೆಲ್ವಿನ್ನಿನಲ್ಲಿ ಅತಿವಾಹಕವಾಗುವುದೆಂದು ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಬೆಲ್ ಪ್ರಯೋಗಶಾಲೆಯವರೂ ಈ ವರ್ಗದ ವಸ್ತುಗಳನ್ನು ವರ್ಣಿಸಿದರು. ನಿಕಲ್ಲು ಸ್ವತಃ ಅಯಸ್ಕಾಂತಕ್ಕೆ ಅಂಟುವ ಲೋಹ. ಆದುದರಿಂದ ಇದು ಅಚ್ಚರಿಯೇ ಸರಿ.

ಯಿಟ್ರಿಯಮ್ಮಿನ ಸ್ಥಾನದಲ್ಲಿ ಹೋಲ್ಮಿಯಮ್ಮೆಂಬ ವಿರಳಭಸ್ಮ ಧಾತುವನ್ನಿಟ್ಟರೆ ಸಂಗತಿಯು ಇನ್ನಷ್ಟು ಸ್ವಾರಸ್ಯವಾಗುತ್ತದೆ. ಅದರ ಪರಮಾಣುವಿನ ಒಳಸುತ್ತಿನ ಎಲೆಕ್ಟ್ರಾನುಗಳಿಂದಾಗಿ ಪ್ರತಿ ಪರಮಾಣುವೂ ಪ್ರಬಲ ಅಯಸ್ಕಾಂತ. ಆದರೂ ಆ ಹರಳು ಸುಮಾರು 8 ಕೆಲ್ವಿನ್ನಿನಲ್ಲಿ ಅತಿವಾಹಕವಾಗುತ್ತದೆ! ಇನ್ನೂ ತಣಿಸಿದಾಗ, 5 - 6 ಕೆಲ್ವಿನ್ನಿನ ನಡುವೆ, ಪರಮಾಣುಗಳ ಕಾಂತಮುಖವು ಪದರದಿಂದ ಪದರಕ್ಕೆ ತುಸುತುಸುವೇ ತಿರುಗಿ ಸುರುಳಿಮೆಟ್ಟಿಲಿನಂತೆ ಅಣಿಗೊಳ್ಳುತ್ತದೆ. ಆಗ ಅತಿವಾಹಕತೆ ಬಲಗುಂದುತ್ತದೆ; ಹೊರಗಿನಿಂದ ಅಲ್ಪ ಕಾಂತಕ್ಷೇತ್ರವನ್ನು ಪ್ರಯೋಗಿಸಿದರೂ ರೋಧವು ಮರಳುತ್ತದೆ. ಸುಮಾರು 5 ಕೆಲ್ವಿನ್ನಿಗಿಂತ ಕೆಳಗೆ ವ್ಯವಸ್ಥೆ ಮತ್ತೆ ಬದಲಾಗುತ್ತದೆ: ಒಂದು ಪದರವು ಪೂರ್ವಕ್ಕೆ ಮುಖಮಾಡಿದರೆ ಅದರ ಮೇಲಿನದು ಪಶ್ಚಿಮಕ್ಕೆ. ಎಲೆಕ್ಟ್ರಾನ್ ಜೋಡಿಯ ವಿಸ್ತಾರವು ಅನೇಕ ಪದರಗಳಷ್ಟಿರುವುದರಿಂದ, ಪಕ್ಕಪಕ್ಕದ ಪದರಗಳ ಸೆಳೆತಗಳು ಪರಸ್ಪರ ಅಳಿದು, ಕಾಂತತ್ವವಿದ್ದೂ ಅತಿವಾಹಕತೆಯು ಚೇತರಿಸಿಕೊಳ್ಳುತ್ತದೆ.

ಸೆಳೆತಗಳು ಅಳಿಯುವ ಬಗೆಯನ್ನು ಮೇಲ್ತರಗತಿಯವರು ಶಾಲೆಯಲ್ಲೇ ನೋಡಬಹುದು. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವಷ್ಟು ದೂರದಲ್ಲಿ ಒಂದು ಪಟ್ಟಿ ಅಯಸ್ಕಾಂತವನ್ನಿಡಿರಿ. ಬಳಿಕ ಅಂಥದೇ ಇನ್ನೊಂದನ್ನು ವಿರುದ್ಧಮುಖವಾಗಿ ಅದರ ಮಗ್ಗುಲಿಗೆ ಸೇರಿಸಿರಿ. ಮುಳ್ಳು ಬಹುಮಟ್ಟಿಗೆ ಮೊದಲಿನ ಉತ್ತರ ದಿಕ್ಕಿಗೇ ಹಿಂದಿರುಗುವುದು.