'ಶತ'ದಿಂದ 'ಹಂಡ್ರೆಡ್' ಹುಟ್ಟಿತೇ?

ಗಣಿತದ ತಾಸಿನಲ್ಲಿ ನಾವು 'ನೂರು' ಎನ್ನುತ್ತೇವೆ. ಅಕ್ಕಲಕೋಟೆಯ ಪೇಟೆಯಲ್ಲಿ ಇನ್ನೂರಕ್ಕೆ 'ದೋನಶೇ' ಎಂಬ ಮಾತು ಕಿವಿಗೆ ಬೀಳುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ 'ಹಂಡ್ರೆಡ್' ಇದೆ. ಇವುಗಳಲ್ಲಿ ನಮ್ಮ 'ನೂರು' ದ್ರಾವಿಡ ಶಬ್ದ. ತೆಲುಗಿನ 'ನೂರು', ತಮಿಳಿನ 'ನೂಱು' ಅದರ ಒಡಹುಟ್ಟುಗಳು. ಮರಾಠಿಯ 'ಶೇ' ಸಂಸ್ಕೃತದ 'ಶತ'ದಿಂದ ಬಂದುದು. ಹಾಗಾದರೆ 'ಹಂಡ್ರೆಡ್' ಎಲ್ಲಿಯದು?

'ಅದೂ ಶತದಿಂದಲೇ ಹುಟ್ಟಿತು' ಎಂದು ನಾವೂ ಹಿಂದೆ ತರಗತಿಯಲ್ಲಿ ಹೇಳಿದ್ದುಂಟು. ಅದು ತಪ್ಪು. ಆ ತಪ್ಪನ್ನು ತಿದ್ದುವುದೇ ಈ ಪಾಠದ ಉದ್ದೇಶ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಆ ಮೂಲಭಾಷೆ ಈಗ ಉಳಿದಿಲ್ಲ. ಅದರ ಮಕ್ಕಳಲ್ಲಿ ನೂರಕ್ಕೆ ಇರುವ ಹೆಸರುಗಳನ್ನು ನೋಡಿರಿ:

ಸಂಸ್ಕೃತ – ಶತಂ
ಲ್ಯಾಟಿನ್ – ಕೆಂತುಂ
ಲಿಥುವೇನಿಯನ್ – ಶಿಮ್ತಾಸ್
ಇಂಗ್ಲಿಷ್ – ಹಂಡ್ರೆಡ್

ಮೊದಲ ಧ್ವನಿ ಸಂಸ್ಕೃತದಲ್ಲಿ ಶ, ಲ್ಯಾಟಿನ್‌ನಲ್ಲಿ ಕ, ಇಂಗ್ಲಿಷಿನಲ್ಲಿ ಹ. ಇದು ಆಕಸ್ಮಿಕವಲ್ಲ. ಶ್ವಾನ, ಕಾನಿಸ್, ಹೌಂಡ್ ಎಂಬ ನಾಯಿಯ ಹೆಸರುಗಳಲ್ಲಿಯೂ ಇದೇ ಕ್ರಮವಿದೆ. ಹಳಗನ್ನಡದ ಪಾಲು, ಪತ್ತು, ಪುಲಿ ಇಂದು ಹಾಲು, ಹತ್ತು, ಹುಲಿ ಆಗಿಲ್ಲವೇ? ಧ್ವನಿಗಳು ಹೀಗೆ ನಿಯಮದಂತೆ ಬದಲಾಗುತ್ತವೆ.

ಈಗ ನಡುವಿನ ಧ್ವನಿಗೆ ಬರೋಣ. ಸಂಸ್ಕೃತದಲ್ಲಿ ಬರಿಯ 'ಅ' ಇದೆ. ಉಳಿದ ಮೂರರಲ್ಲಿ ಅನುನಾಸಿಕವೂ ಇದೆ. 'ಶತ'ವೇ ತಾಯಿಯಾಗಿದ್ದರೆ ಈ ಅನುನಾಸಿಕ ಎಲ್ಲಿಂದ ಬಂತು? ಸಂಸ್ಕೃತದ 'ಅ' ಲ್ಯಾಟಿನ್‌ನಲ್ಲಿ 'ಎಂ' ಆಯಿತೆಂದರೆ, 'ಅಷ್ಟ' ಎಂಬುದರಲ್ಲಿಯೂ ಹಾಗೆಯೇ ಆಗಬೇಕಿತ್ತು. ಆದರೆ ಎಂಟಕ್ಕೆ ಲ್ಯಾಟಿನ್‌ನಲ್ಲಿ 'ಒಕ್ತೋ' ಎಂದಿದೆ, ಅಲ್ಲಿ ಅನುನಾಸಿಕವಿಲ್ಲ.

ಈ ಗಂಟನ್ನು ಬಿಡಿಸಲು ನಮ್ಮ ವರ್ಣಮಾಲೆಯ 'ಋ' ನೆರವಾಗುತ್ತದೆ. ಇಂದು ನಾವು ಅದನ್ನು 'ರು' ಎಂದು ಉಚ್ಚರಿಸಿದರೂ ವ್ಯಾಕರಣ ಅದನ್ನು ಸ್ವರವೆನ್ನುತ್ತದೆ. ಪ್ರಾಚೀನ ಉಚ್ಚಾರದಲ್ಲಿ 'ಕೃತ' ಎಂಬಲ್ಲಿ ಬೇರೆ ಸ್ವರದ ಆಸರೆಯಿಲ್ಲದೆ ರಕಾರದ ಧ್ವನಿಯೇ ಅಕ್ಷರದ ತಿರುಳಾಗಿತ್ತು. ಹಾಗೆಯೇ ಮೂಲಭಾಷೆಯಲ್ಲಿ ಮಕಾರ, ನಕಾರಗಳೂ ಸ್ವರದ ಕೆಲಸ ಮಾಡುತ್ತಿದ್ದವು ಎಂದು ಜರ್ಮನಿಯ ಕಾರ್ಲ್ ಬ್ರುಗ್‌ಮನ್ 1876ರಲ್ಲಿ ತೋರಿಸಿದರು. ನೂರರ ಮೂಲಶಬ್ದದ ಮೊದಲ ಅಕ್ಷರದಲ್ಲಿದ್ದುದು ಅಂಥ ಮಕಾರ. ಮುಂದೆ ಸಂಸ್ಕೃತದಲ್ಲಿ ಅದು ಬರಿಯ 'ಅ' ಆಯಿತು. ಉಳಿದ ಮೂರು ಕಡೆ ಪಕ್ಕದಲ್ಲಿ ಒಂದು ಸ್ವರ ಹುಟ್ಟಿ ಅನುನಾಸಿಕ ಉಳಿಯಿತು.

ನಿಯಮವೆಂದ ಮೇಲೆ ಬೇರೆಡೆಯೂ ಸಲ್ಲಬೇಕು. ಹತ್ತಕ್ಕೆ ಸಂಸ್ಕೃತದಲ್ಲಿ 'ದಶ', ಲ್ಯಾಟಿನ್‌ನಲ್ಲಿ 'ದೆಕೆಂ', ಇಂಗ್ಲಿಷಿನಲ್ಲಿ 'ಟೆನ್'. 'ಅಲ್ಲ' ಎಂಬುದಕ್ಕೆ ನಾವು 'ಅಜ್ಞಾತ' ಎಂಬಲ್ಲಿ 'ಅ' ಎಂದರೆ, ಇಂಗ್ಲಿಷಿನವರು 'ಅನ್‌ನೋನ್' ಎಂಬಲ್ಲಿ 'ಅನ್' ಎನ್ನುತ್ತಾರೆ. ಈ 'ಅ' ಮತ್ತು 'ಅನ್' ಎರಡೂ ಒಂದೇ ಮೂಲದವು.

ಆದುದರಿಂದ 'ಶತ' ಮತ್ತು 'ಹಂಡ್ರೆಡ್' ತಾಯಿ-ಮಕ್ಕಳಲ್ಲ, ಅಕ್ಕ-ತಂಗಿಯರು. ಇದರಿಂದ ಸಂಸ್ಕೃತದ ಹಿರಿಮೆಗೇನೂ ಕುಂದಿಲ್ಲ. ಎರಡು ಶಬ್ದ ಒಂದೇ ರೀತಿ ಕೇಳಿಸಿದೊಡನೆ ನಂಟು ಕಟ್ಟಬಾರದು, ಬೇರೆಯಾಗಿ ಕೇಳಿಸಿದೊಡನೆ ನಂಟಿಲ್ಲವೆನ್ನಲೂ ಬಾರದು, ನಿಯಮವನ್ನು ಕೇಳಬೇಕು.

ಅಭ್ಯಾಸ: ಮನೆಯ ಹಿರಿಯರನ್ನು ಕೇಳಿ ಕನ್ನಡ, ಮರಾಠಿಗಳಲ್ಲಿ ಒಂದರಿಂದ ಹತ್ತರವರೆಗಿನ ಎಣಿಕೆಯನ್ನು ಬರೆದುಕೊಳ್ಳಿರಿ. ಪಕ್ಕದಲ್ಲಿ ಸಂಸ್ಕೃತ, ಇಂಗ್ಲಿಷ್ ಎಣಿಕೆಗಳನ್ನೂ ಬರೆದು, ಯಾವ ಧ್ವನಿ ಎಲ್ಲಿ ಏನಾಗಿದೆ ಎಂದು ಗುರುತಿಸಿರಿ.